ಲೆಗ್‌ಹಾರ್ನ್ ಕೋಳಿ ನಮ್ಮ ಹಿತ್ತಲಿಗೆ ಆಗುತ್ತಾ? ನಾಲ್ಕು ವರ್ಷ ಸಾಕಿದ್ದೇನೆ, ಕೇಳಿ

ಬೇಲೂರು ಹಿತ್ತಲು
(ಭಾನುವಾರ ಬೆಳಗ್ಗೆ)

ಎಲ್ಲರಿಗೂ ನಮಸ್ಕಾರ. ಹತ್ತು ಬಿಳಿ ಲೆಗ್‌ಹಾರ್ನ್ ಬಿಟ್ಟರೆ ಮನೆಗೆ ಮೊಟ್ಟೆ ಸಾಕಾಗುತ್ತಾ ಅಂತ ಹೋದ ತಿಂಗಳು ಮೂರು ಜನ ಕೇಳಿದ್ದರು. ಆಗ ಒಂದೊಂದು ಸಾಲಿನಲ್ಲಿ ಉತ್ತರ ಕೊಟ್ಟಿದ್ದೆ. ಅದು ಸಾಲದು ಅನ್ನಿಸಿತು. ಇವತ್ತು ಬಿಡುವಿದೆ, ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ.

ನಮ್ಮದು ಬೇಲೂರು ತಾಲ್ಲೂಕು, ಹಳೇಬೀಡಿನ ಕಡೆ. ಅತ್ತೆ ಕಾಲದಿಂದ ನಾಟಿ ಕೋಳಿ ಇವೆ. ನಾಲ್ಕು ವರ್ಷದ ಹಿಂದೆ ಎಂಟು ಲೆಗ್‌ಹಾರ್ನ್ ಹ್ಯಾಟೆ, ಒಂದು ಹುಂಜ ತಂದೆ. ಈಗ ಎರಡೂ ಒಟ್ಟಿಗೆ ಇವೆ.

ಮೊದಲು ಒಂದು ಮಾತು. ಈ ಕೋಳಿ ನಮಗೆ ಹೊಸದಲ್ಲ. ಅಂಗಡಿಯಲ್ಲಿ ಟ್ರೇ ಗಟ್ಟಲೆ ಇಡುವ ಬಿಳಿ ಮೊಟ್ಟೆ, ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆ, ಎಲ್ಲ ಇದರ ವಂಶದ್ದೇ. ದೊಡ್ಡ ಫಾರಂಗಳಲ್ಲಿ ಸಾಕುವ ಬಿವಿ 300 ಕೂಡ ಬಿಳಿ ಲೆಗ್‌ಹಾರ್ನ್‌ನಿಂದ ಬಂದದ್ದು. ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಾಕಿ ಮಕ್ಕಳಿಗೆ ಮಾರುವ ಪಿಳ್ಳೆ ನೋಡಿದ್ದೀರಲ್ವಾ? ಹೆಚ್ಚಿನವು ಇದೇ ಜಾತಿಯ ಹುಂಜದ ಮರಿಗಳು. ಮೊಟ್ಟೆ ಇಡುವುದಿಲ್ಲ, ಮೈಯಲ್ಲಿ ಮಾಂಸವೂ ಕಡಿಮೆ, ಹಾಗಾಗಿ ಹ್ಯಾಚರಿಗೆ ಬೇಡ. ನನ್ನ ಮಗಳಿಗೂ ಅಂಥ ನಾಲ್ಕು ತಂದುಕೊಟ್ಟಿದ್ದೆ. ಬಣ್ಣ ಹೋಗಿ ಬಿಳಿ ಗರಿ ಬಂದಾಗಲೇ ನನಗೆ ಈ ಕೋಳಿಯ ಮೇಲೆ ಆಸೆ ಹುಟ್ಟಿದ್ದು.

ಇದರ ಊರು ಇಟಲಿಯ ಟಸ್ಕನಿ. ಅಲ್ಲಿನ ಲಿವೋರ್ನೊ ಬಂದರಿನಿಂದ ಹಡಗು ಹತ್ತಿ 1828ರ ಸುಮಾರಿಗೆ ಅಮೆರಿಕ ಸೇರಿತು. ಮೊದಲು ಅಲ್ಲಿಯವರು ಸುಮ್ನೆ ಇಟಾಲಿಯನ್ ಕೋಳಿ ಅನ್ನುತ್ತಿದ್ದರು. ಲಿವೋರ್ನೊ ಬಂದರನ್ನು ಇಂಗ್ಲಿಷರು ಲೆಗ್‌ಹಾರ್ನ್ ಅಂತ ಕರೆಯುತ್ತಿದ್ದರು, ಆ ಹೆಸರೇ ಕೋಳಿಗೂ ಅಂಟಿತು. 1874ರಲ್ಲಿ ಅಮೆರಿಕದವರು ಕೋಳಿ ತಳಿಗಳ ಲಕ್ಷಣ ಬರೆದಿಟ್ಟಾಗ ಬಿಳಿ, ಕಂದು, ಕಪ್ಪು ಮೂರು ಬಣ್ಣದ ಲೆಗ್‌ಹಾರ್ನ್ ಅದರಲ್ಲಿ ಇದ್ದವು. ಸ್ಪೇನಿನ ಮಿನೋರ್ಕಾ, ಆಂಡಲೂಷಿಯನ್, ಇಟಲಿಯ ಆಂಕೋನಾ ಇದರ ನೆಂಟರು. ಎಲ್ಲ ಮೆಡಿಟರೇನಿಯನ್ ಸಮುದ್ರದ ಸುತ್ತಿನ ಕೋಳಿಗಳು. ನಾಲ್ಕೂ ಹಗುರ ಓಡಾಟದವು, ಬಿಳಿ ಕಿವಿ, ಬಿಳಿ ಮೊಟ್ಟೆ, ದೊಡ್ಡ ಜುಟ್ಟು. ಕಾವಿಗೆ ಕೂರುವ ಆಸೆ ಕಡಿಮೆ.

ನೋಡಲು ಹೀಗಿರುತ್ತದೆ. ಹ್ಯಾಟೆ ಎರಡು ಕೆಜಿ ಆಸುಪಾಸು, ಹುಂಜ ಎರಡೂವರೆಯಿಂದ ಮೂರರ ಒಳಗೆ. ಕಾಲು ಹಳದಿ. ಜುಟ್ಟು ಹುಂಜದಲ್ಲಿ ನೆಟ್ಟಗೆ, ಹ್ಯಾಟೆಯಲ್ಲಿ ಒಂದು ಕಡೆ ಬಾಗಿ ಕಣ್ಣಿನ ಮೇಲೆ ಬಿದ್ದಿರುತ್ತದೆ. ನಮ್ಮ ಎಂಟರಲ್ಲಿ ಒಂದಕ್ಕೆ ಬಲಗಣ್ಣು ಪೂರ್ತಿ ಮುಚ್ಚುವಷ್ಟು ದೊಡ್ಡ ಜುಟ್ಟು. ಅದು ತಲೆ ಓರೆ ಮಾಡಿ ನನ್ನನ್ನು ನೋಡುವಾಗ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಎತ್ತಿಕೊಳ್ಳಲು ಬಿಡುವುದಿಲ್ಲ. ಇವು ತುಂಬಾ ಹೆದರುವ ಕೋಳಿಗಳು. ಪಾತ್ರೆ ಬಿದ್ದ ಸದ್ದಿಗೆ ಎಲ್ಲವೂ ಒಂದು ಮೂಲೆಗೆ ನುಗ್ಗುತ್ತವೆ. ರಾತ್ರಿ ಹಾಗೆ ಆದರೆ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟಬಹುದು. ಗೂಡಿನ ಮೂಲೆಗಳನ್ನು ಗುಂಡಗೆ ಮಾಡಿ.

ಮೊಟ್ಟೆಯ ವಿಷಯ. ಐದು ತಿಂಗಳು ತುಂಬುವ ಹೊತ್ತಿಗೆ ಇಡಲು ಶುರು. ಫಾರಂನಲ್ಲಿ ಲೆಕ್ಕ ಹಾಕಿ ತಿನ್ನಿಸಿ, ಲೈಟ್ ಹಾಕಿ ವರ್ಷಕ್ಕೆ 300 ತೆಗೆಯುತ್ತಾರೆ. ಹಿತ್ತಲಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ನನ್ನಲ್ಲಿ ಎಂಟು ಹ್ಯಾಟೆಯಿಂದ ಮೊದಲ ವರ್ಷ ದಿನಕ್ಕೆ ಐದು ಆರು ಸಿಗುತ್ತಿತ್ತು. ಗರಿ ಉದುರಿಸುವ ಕಾಲದಲ್ಲಿ ಒಂದೂ ಇಲ್ಲ. ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಇಟ್ಟರೆ ದೊಡ್ಡದು, ಅದಕ್ಕೆ ಹೋಲಿಸಿದರೆ ಇದು ಬಹಳ ಜಾಸ್ತಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ಯಾವುದಾದರೂ ಒಂದು ಕಾವಿಗೆ ಕೂರುತ್ತದೆ ಅಂತ ಕಾದೆ. ಬುಟ್ಟಿಗೆ ಹುಲ್ಲು ಹಾಸಿದೆ, ಕತ್ತಲೆ ಮಾಡಿದೆ, ಮೊಟ್ಟೆ ತೆಗೆಯದೆ ಬಿಟ್ಟೆ. ಇಟ್ಟವು, ಕೂಗಿದವು, ಎದ್ದು ಹೋದವು. ನಮ್ಮ ಅತ್ತೆ ಜಗುಲಿ ಮೇಲೆ ಕೂತು ಒಂದು ವಾರ ನೋಡಿ ಹೇಳಿದರು, "ಇದು ಹೆರುತ್ತೆ, ಸಾಕಲ್ಲ. ನಮ್ ಕೆಂಪಿ ಕೆಳಗೆ ಇಡು." ಕೆಂಪಿ ಅಂದರೆ ನಮ್ಮ ನಾಟಿ ಹ್ಯಾಟೆ. ಹನ್ನೊಂದು ಲೆಗ್‌ಹಾರ್ನ್ ಮೊಟ್ಟೆ ಅದರ ಕೆಳಗೆ ಇಟ್ಟೆ. 21ನೇ ದಿನಕ್ಕೆ ಎಂಟು ಪಿಳ್ಳೆ. ಕೆಂಪಿ ಅವನ್ನು ತನ್ನವೇ ಅಂತ ತಿಪ್ಪೆಗೆ ಕರೆದುಕೊಂಡು ಹೋಗಿ ಕೆದರಿ ತಿನ್ನಿಸಿತು. ಗಿಡುಗ ಬಂದಾಗ ರೆಕ್ಕೆ ಕೆಳಗೆ ಎಳೆದುಕೊಂಡಿತು.

ಅದಕ್ಕೇ ಹೇಳುವುದು. ಲೆಗ್‌ಹಾರ್ನ್ ತರುವ ಖುಷಿಯಲ್ಲಿ ನಾಟಿ ಹ್ಯಾಟೆಗಳನ್ನು ಮಾರಬೇಡಿ, ಕೊಯ್ಯಬೇಡಿ. ನಮ್ಮ ಕಡೆ ಎರಡು ಮನೆಯವರು ಹಾಗೆ ಮಾಡಿದರು. ಎರಡು ವರ್ಷದ ಮೇಲೆ ಅವರ ಹಿತ್ತಲಿನಲ್ಲಿ ಕೋಳಿಯೇ ಇಲ್ಲ. ಪ್ರತಿ ಸಲ ದುಡ್ಡು ಕೊಟ್ಟು ಮರಿ ತರಲು ಯಾರಿಗೆ ಆಗುತ್ತದೆ?

ನಿಮ್ಮ ಅನುಭವ ಬರೆಯಿರಿ.

ಮೂಡಿಗೆರೆ ಮಳೆ
(ಭಾನುವಾರ ಮಧ್ಯಾಹ್ನ)

ಅಕ್ಕಾ, ತುಂಬಾ ಒಳ್ಳೆಯ ಬರಹ. ಆದರೆ ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಬಟ್ಟೆಯೇ ಒಣಗಲ್ಲ. ಹಿಂದಿನ ವರ್ಷ ಒಬ್ಬರ ಹತ್ತಿರ ಹನ್ನೆರಡು ಲೆಗ್‌ಹಾರ್ನ್ ಮರಿ ತಂದಿದ್ದೆ, ಜುಲೈನಲ್ಲಿ ಏಳು ಸತ್ತವು. ಹಿಕ್ಕೆಯಲ್ಲಿ ರಕ್ತ ಇತ್ತು. ಉಳಿದ ಐದು ಮೊಟ್ಟೆ ಇಟ್ಟವು, ಆದರೆ ಮಳೆಗಾಲ ಪೂರ್ತಿ ಸಪ್ಪಗಿದ್ದವು. ನಮ್ಮ ನಾಟಿ ಕೋಳಿ ಅದೇ ಮಳೆಯಲ್ಲಿ ಕಾಫಿ ಗಿಡದ ಬುಡ ಕೆದರಿಕೊಂಡು ಇದ್ದವು. ಇದು ಮಲೆನಾಡಿಗೆ ಆಗದ ಕೋಳಿನಾ?

ಅರಸೀಕೆರೆ ತೆಂಗು
(ಭಾನುವಾರ ಮಧ್ಯಾಹ್ನ)

ನಮ್ಮಲ್ಲಿ ಉಲ್ಟಾ. ಏಪ್ರಿಲ್ ಬಿಸಿಲಿಗೆ ಗಿರಿರಾಜ ತಳಿಯ ಕೋಳಿ ಬಾಯಿ ಬಿಟ್ಟುಕೊಂಡು ನೆರಳಲ್ಲಿ ಬಿದ್ದಿರುತ್ತದೆ. ಲೆಗ್‌ಹಾರ್ನ್ ತೆಂಗಿನ ತೋಟದಲ್ಲಿ ಓಡಾಡಿಕೊಂಡೇ ಇರುತ್ತದೆ. ಮೊಟ್ಟೆ ಸ್ವಲ್ಪ ಸಣ್ಣದಾಗುತ್ತದೆ ಅಷ್ಟೇ. ನನಗೆ ಆರು ವರ್ಷದಲ್ಲಿ ಬಿಸಿಲಿಗೆ ಒಂದೂ ಸತ್ತಿಲ್ಲ.

ನಿವೃತ್ತ ಪಶು ಪರೀಕ್ಷಕ
(ಭಾನುವಾರ ಸಂಜೆ)

ಮೂಡಿಗೆರೆಯವರ ಪ್ರಶ್ನೆಗೂ ಅರಸೀಕೆರೆಯವರ ಮಾತಿಗೂ ಉತ್ತರ ಒಂದೇ ಕಡೆ ಇದೆ. ಈ ಕೋಳಿ ಬೆಳೆದ ಊರಿನ ಹವೆ ನೋಡಿ. ಮೆಡಿಟರೇನಿಯನ್ ತೀರದಲ್ಲಿ ಬೇಸಿಗೆ ಎಂದರೆ ಒಣ ಬಿಸಿಲು, ಮಳೆ ಬರುವುದು ಚಳಿಗಾಲದಲ್ಲಿ. ಕೋಳಿಗೆ ಬೆವರು ಬರುವುದಿಲ್ಲ. ಬಿಸಿ ಹೊರಗೆ ಹೋಗಬೇಕಾದರೆ ಬಾಯಿ ತೆರೆದು ಏದುಸಿರು ಬಿಡಬೇಕು, ಇಲ್ಲವೇ ಗರಿ ಇಲ್ಲದ ಜಾಗದಿಂದ ಹೋಗಬೇಕು. ಅಷ್ಟು ದೊಡ್ಡ ಜುಟ್ಟು, ಗಲ್ಲದ ಕೆಳಗಿನ ಜೋಲು ಇರುವುದು ಅದಕ್ಕೇ. ರಕ್ತ ಅಲ್ಲಿಗೆ ಹರಿದು ತಣ್ಣಗಾಗುತ್ತದೆ. ಮೈ ಹಗುರ, ಗರಿ ಮೈಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಿಸಿಲು ಇದಕ್ಕೆ ಹೊಸದಲ್ಲ. ಮೂಡಿಗೆರೆಗೆ ಬೀಳುವ ಮಳೆಯ ಮೂರನೇ ಒಂದು ಭಾಗವೂ ಕಡೂರಿಗೆ ಬೀಳುವುದಿಲ್ಲ. ಒಂದೇ ಜಿಲ್ಲೆ, ಆದರೆ ಕೋಳಿಗೆ ಎರಡು ದೇಶ ಇದ್ದಂತೆ.

ಮಲೆನಾಡಿಗೆ ಆಗುವುದೇ ಇಲ್ಲ ಅನ್ನುವುದಿಲ್ಲ. ಮಳೆ ಕೊಲ್ಲುವುದಿಲ್ಲ, ಒದ್ದೆ ನೆಲ ಕೊಲ್ಲುತ್ತದೆ. ನಿಮ್ಮ ಮರಿಗಳಿಗೆ ಬಂದದ್ದು ರಕ್ತಭೇದಿ ಅನ್ನಿಸುತ್ತದೆ. ಅದರ ಸೂಕ್ಷ್ಮಜೀವಿ ಹಿಕ್ಕೆಯಲ್ಲಿ ಹೊರಗೆ ಬಂದು, ತೇವ ಮತ್ತು ಬೆಚ್ಚಗಿನ ಜಾಗ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿತು, ಕೆದರಿ ತಿನ್ನುವ ಮರಿಯ ಹೊಟ್ಟೆ ಸೇರುತ್ತದೆ. ನೆಲ ಒಣಗಿದ್ದರೆ ಈ ಸರಪಳಿ ಕಡಿಯುತ್ತದೆ. ಇನ್ನೊಮ್ಮೆ ಹಾಗಾದರೆ ಕಾಯಬೇಡಿ, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಔಷಧಿ ಇದೆ.

ನೀವು ಮಾಡಬೇಕಾದ್ದು: ಗೂಡಿನ ನೆಲ ಎರಡು ಅಡಿ ಎತ್ತರದಲ್ಲಿರಲಿ, ಹಲಗೆ ಅಥವಾ ಬಿದಿರಿನ ದಬ್ಬೆ ಸಾಕು. ಮಳೆ ಬೀಸುವ ಪಡುವಣ ದಿಕ್ಕು ಪೂರ್ತಿ ಮುಚ್ಚಿರಲಿ, ಮೂಡಣ ತೆರೆದಿರಲಿ. ಸೂರಿನ ಅಂಚು ಎರಡು ಅಡಿ ಮುಂದೆ ಚಾಚಿರಲಿ. ಮರಿಗಳನ್ನು ಮಳೆಗಾಲಕ್ಕೆ ಮುಂಚೆ ಬೆಳೆಸಿಕೊಳ್ಳಿ. ನವೆಂಬರ್‌ನಲ್ಲಿ ಒಡೆದ ಮರಿ ಏಪ್ರಿಲ್‌ಗೆ ಮೊಟ್ಟೆ ಇಡುವಷ್ಟು ಆಗಿರುತ್ತದೆ, ಜೂನ್ ಬರುವಾಗ ಗಟ್ಟಿಯಾಗಿರುತ್ತದೆ. ನೀವು ತಂದದ್ದು ಮೇ ತಿಂಗಳ ಮರಿ ಅಲ್ವಾ?

ಮೂಡಿಗೆರೆ ಮಳೆ
(ಭಾನುವಾರ ರಾತ್ರಿ)

ಹೌದು ಸಾರ್. ಮೇ 20ಕ್ಕೆ ತಂದದ್ದು. ನೆಲದ ಮೇಲೆ ಕಾಫಿ ಹೊಟ್ಟು ಹಾಸಿದ್ದೆ. ಮನೆಯಲ್ಲಿ ಅದು ಬೇಕಾದಷ್ಟು ಇರುತ್ತೆ ಅಂತ.

ನಿವೃತ್ತ ಪಶು ಪರೀಕ್ಷಕ
(ಭಾನುವಾರ ರಾತ್ರಿ)

ಕಾಫಿ ಹೊಟ್ಟು ಬೇಡ. ಮಳೆಗಾಲದಲ್ಲಿ ಬೇಗ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಪುಡಿ ಮೂಗಿಗೆ ಹೋದರೆ ಮರಿಗಳಿಗೆ ಉಸಿರಾಟದ ರೋಗ ಬರುತ್ತದೆ. ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ ಹಾಸಿ. ದಿನಾ ಒಮ್ಮೆ ಕೆದಕಿ. ಕೈಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬಾರದು, ಉದುರಬೇಕು. ಉಂಡೆಯಾದರೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ.

ಆಲೂರಿನ ಹುಡುಗ
(ಸೋಮವಾರ ಬೆಳಗ್ಗೆ)

ಅಕ್ಕ, ನಾನು ಓದು ಮುಗಿಸಿ ಮನೆಯಲ್ಲಿದ್ದೇನೆ. ಐವತ್ತು ಲೆಗ್‌ಹಾರ್ನ್ ಹಾಕಿ ಮೊಟ್ಟೆ ಮಾರಬೇಕು ಅಂತ ಯೋಚನೆ. ನಾಟಿ ಮೊಟ್ಟೆಗೆ ಒಳ್ಳೆ ರೇಟ್ ಇದೆ. ಹಿತ್ತಲಿನಲ್ಲಿ ಮೇಯಿಸಿದ ಲೆಗ್‌ಹಾರ್ನ್ ಮೊಟ್ಟೆಗೂ ಆ ರೇಟ್ ಸಿಗುತ್ತಾ? ಖರ್ಚು ಎಷ್ಟು ಬರುತ್ತೆ?

ಬೇಲೂರು ಹಿತ್ತಲು
(ಸೋಮವಾರ ಮಧ್ಯಾಹ್ನ)

ತಮ್ಮಾ, ನೇರವಾಗಿ ಹೇಳುತ್ತೇನೆ. ಸಿಗುವುದಿಲ್ಲ. ಜನ ಮೊಟ್ಟೆಯ ಬಣ್ಣ ನೋಡುತ್ತಾರೆ. ಬಿಳಿ ಕಂಡರೆ ಫಾರಂ ಮೊಟ್ಟೆ ಅನ್ನುತ್ತಾರೆ, ಅಂಗಡಿ ರೇಟ್ ಕೇಳುತ್ತಾರೆ. ಸಿಪ್ಪೆಯ ಬಣ್ಣ ತಳಿಯಿಂದ ಬರುವುದು. ಒಳಗಿನ ಸತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ. ಸೊಪ್ಪು, ಹುಲ್ಲು ತಿಂದ ಲೆಗ್‌ಹಾರ್ನ್ ಮೊಟ್ಟೆ ಒಡೆದರೆ ಒಳಗಿನ ಹಳದಿ ಭಾಗ ಅರಿಸಿನದ ಹಾಗೆ ಇರುತ್ತದೆ. ಆದರೆ ಅದನ್ನು ಒಡೆದು ತೋರಿಸಿ ಮಾರಲು ಆಗುವುದಿಲ್ಲವಲ್ಲ. ಕೆಲವರು ಬಿಳಿ ಮೊಟ್ಟೆಗೆ ಟೀ ಡಿಕಾಕ್ಷನ್ ಬಣ್ಣ ಹತ್ತಿಸಿ ನಾಟಿ ಅಂತ ಮಾರುತ್ತಾರೆ. ಆ ದಾರಿಗೆ ಹೋಗಬೇಡ. ನಾನು ಹತ್ತು ಮನೆಗೆ ಖಾಯಂ ಕೊಡುತ್ತೇನೆ, ಎಲ್ಲರೂ ನಮ್ಮ ಹಿತ್ತಲು ನೋಡಿದವರು. ಅವರು ಅಂಗಡಿಗಿಂತ ಒಂದೆರಡು ರೂಪಾಯಿ ಜಾಸ್ತಿ ಕೊಡುತ್ತಾರೆ.

ಖರ್ಚಿನ ಲೆಕ್ಕ ಹೀಗೆ. ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಐವತ್ತಕ್ಕೆ ಐದೂವರೆ ಕೆಜಿ. ತಿಂಗಳಿಗೆ 165 ಕೆಜಿ. ನಿಮ್ಮೂರಿನ ಫೀಡ್ ರೇಟಿಗೆ ಗುಣಿಸಿ ನೋಡು. ಬರೀ ನುಚ್ಚು, ತೌಡು ಹಾಕಿ ಉಳಿಸುತ್ತೇನೆ ಅಂದುಕೊಂಡರೆ ಮೊಟ್ಟೆ ನಿಲ್ಲುತ್ತದೆ. ನಾಟಿ ಕೋಳಿ ತಿಪ್ಪೆ ಕೆದರಿ ಬದುಕುತ್ತದೆ, ಯಾಕೆಂದರೆ ಅದು ಇಡುವುದು ಸ್ವಲ್ಪ. ಇದು ದಿನ ಬಿಟ್ಟು ದಿನ ಅಲ್ಲ, ಹೆಚ್ಚು ಕಡಿಮೆ ದಿನಾ ಇಡುತ್ತದೆ. ಅಷ್ಟು ಎಲ್ಲಿಂದ ತರಬೇಕು ಅದು? ಒಂದು ಸಿಪ್ಪೆಗೇ ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ತಿಂದದ್ದರಲ್ಲಿ ಇಲ್ಲದಿದ್ದರೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ನನ್ನ ಒಂದು ಹ್ಯಾಟೆ ಎರಡನೇ ವರ್ಷ ಕಾಲು ಬಿದ್ದು ಕೂತುಬಿಟ್ಟಿತು. ಕ್ಯಾಲ್ಸಿಯಂ ಸಾಲದು ಅಂತ ನನಗೆ ತಡವಾಗಿ ಗೊತ್ತಾಯಿತು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಅವತ್ತಿನಿಂದ ಬೇರೆ ಬಟ್ಟಲಿನಲ್ಲಿ ಕಪ್ಪೆಚಿಪ್ಪಿನ ಚೂರು ಯಾವಾಗಲೂ ಇರುತ್ತದೆ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ನಾನು ಕೊಡುವುದು: ಬೆಳಗ್ಗೆ ಲೇಯರ್ ಫೀಡ್. ಹತ್ತು ಗಂಟೆಗೆ ಹೊರಗೆ ಬಿಡುತ್ತೇನೆ. ಸಂಜೆ ಒಂದು ಹಿಡಿ ರಾಗಿ ಇಲ್ಲವೇ ಒಡೆದ ಮೆಕ್ಕೆಜೋಳ. ಸಿಕ್ಕಾಗ ನುಗ್ಗೆ ಸೊಪ್ಪು, ಅಜೋಲಾ (ನೀರಿನ ಮೇಲೆ ಬೆಳೆಯುವ ಸಣ್ಣ ಗಿಡ), ಗೆದ್ದಲು. ಗೆದ್ದಲಿಗೆ ಒಂದು ಹಳೆ ಮಡಕೆಯಲ್ಲಿ ಸಗಣಿ, ಹುಲ್ಲು ತುಂಬಿ ಹುತ್ತದ ಹತ್ತಿರ ಬೋರಲು ಹಾಕಿದರೆ ಮರುದಿನ ತುಂಬಿರುತ್ತದೆ. ಅದನ್ನು ಕೊಡವಿದಾಗ ಕೋಳಿಗಳು ಓಡಿಬರುವುದನ್ನು ನೀನು ನೋಡಬೇಕು.

ಐವತ್ತು ಬೇಡ. ಹತ್ತು ಹಾಕು. ಒಂದು ವರ್ಷ ನೋಡು. ಜೊತೆಗೆ ಮೂರು ನಾಟಿ ಹ್ಯಾಟೆ ಇಟ್ಟುಕೋ. ವ್ಯಾಪಾರವೇ ಮುಖ್ಯ ಅಂದರೆ ಬಣ್ಣದ ಗರಿಯ ಸ್ವರ್ಣಧಾರಾ, ಗಿರಿರಾಜ ಕೂಡ ವಿಚಾರಿಸು. ಗಿರಿರಾಜ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲೇ ಆದ ತಳಿ. ಇವುಗಳ ಹುಂಜಕ್ಕೂ ಮಾಂಸದ ಬೆಲೆ ಇದೆ. ಲೆಗ್‌ಹಾರ್ನ್ ಹುಂಜಕ್ಕೆ ಇಲ್ಲ.

ಆಲೂರಿನ ಹುಡುಗ
(ಸೋಮವಾರ ಸಂಜೆ)

ಸರಿ ಅಕ್ಕ. ಹತ್ತಕ್ಕೇ ಶುರು ಮಾಡ್ತೀನಿ. ಮರಿ ಎಲ್ಲಿ ಸಿಗುತ್ತೆ?

ನಿವೃತ್ತ ಪಶು ಪರೀಕ್ಷಕ
(ಸೋಮವಾರ ರಾತ್ರಿ)

ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೋಳಿ ವಿಭಾಗದವರನ್ನು ಕೇಳಿ, ಯಾವ ತಳಿ ಯಾವಾಗ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ, ಅಲ್ಲಿ ತರಬೇತಿಯೂ ಇದೆ. ಹೋಗುವ ಮೊದಲು ಫೋನ್ ಮಾಡಿ. ಎಲ್ಲೇ ತಂದರೂ ಹ್ಯಾಟೆ ಮರಿ ಬೇಕು ಅಂತ ಬಿಡಿಸಿ ಹೇಳಿ. ಸುಮ್ನೆ ಮರಿ ಅಂದರೆ ಅರ್ಧ ಹುಂಜ ಬರುತ್ತವೆ.

ಲಸಿಕೆ ಮರೆಯಬೇಡಿ. ಮಾರೆಕ್ಸ್ ರೋಗದ್ದು ಹ್ಯಾಚರಿಯಲ್ಲೇ ಮೊದಲ ದಿನ ಹಾಕಿರುತ್ತಾರೆ, ಕೇಳಿ ಖಚಿತ ಮಾಡಿಕೊಳ್ಳಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲಿ ಕಣ್ಣಿಗೆ ಹನಿ. ಎರಡನೇ ವಾರ ಗುಂಬೊರೊ ರೋಗದ ಲಸಿಕೆ. ನಾಲ್ಕನೇ ವಾರ ಮತ್ತೆ ಕೊಕ್ಕರೆ ರೋಗದ್ದು. ಆರು ವಾರದ ಹೊತ್ತಿಗೆ ಸಿಡುಬಿನ ಲಸಿಕೆ. ಎಂಟು ವಾರ ದಾಟಿದ ಮೇಲೆ ಕೊಕ್ಕರೆ ರೋಗಕ್ಕೆ ಚುಚ್ಚುಮದ್ದು. ಒಂದು ಬಾಟಲಿ ಲಸಿಕೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದೇ ದಿನ ಹಾಕಿಸಿ. ನಾಟಿ ಕೋಳಿಗೂ ಹಾಕಿಸಿ. ನಾಟಿಗೆ ರೋಗ ಬರಲ್ಲ ಅನ್ನುವುದು ತಪ್ಪು. ನಾನು ಕೆಲಸದಲ್ಲಿದ್ದಾಗ ಕೊಕ್ಕರೆ ರೋಗ ಬಂದು ಒಂದು ಕೇರಿಯ ಕೋಳಿಯೆಲ್ಲ ಒಂದೇ ವಾರದಲ್ಲಿ ಹೋದದ್ದನ್ನು ಕಂಡಿದ್ದೇನೆ. ಒಬ್ಬ ಅಜ್ಜಿ ಖಾಲಿ ಮಕ್ಕರಿ ಎತ್ತಿ ಎತ್ತಿ ನೋಡುತ್ತಿದ್ದರು.

ಸಕಲೇಶಪುರ ತೋಟ
(ಮಂಗಳವಾರ ಬೆಳಗ್ಗೆ)

ಬಿಳಿ ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಹಸಿರು ತೋಟದ ನಡುವೆ ಬಿಳಿ ಕೋಳಿ ಬಿಟ್ಟರೆ ಮೇಲಿಂದ ಹದ್ದಿಗೆ, ಗಿಡುಗನಿಗೆ ದೂರದಿಂದಲೇ ಕಾಣುತ್ತದೆ. ನಮ್ಮಲ್ಲಿ ಮುಂಗುಸಿ, ಕಾಡುಬೆಕ್ಕು, ಪುನುಗು ಎಲ್ಲ ಇವೆ. ನಾಲ್ಕು ತಿಂಗಳಲ್ಲಿ ಆರು ಬಿಳಿ ಹೋದವು, ಅದೇ ಜಾಗದಲ್ಲಿ ನಾಟಿ ಒಂದು ಹೋಯಿತು. ಆಮೇಲೆ ಪರಿಚಯದವರ ಮೂಲಕ ಕಂದು ಲೆಗ್‌ಹಾರ್ನ್ ತರಿಸಿದೆ. ಹ್ಯಾಟೆ ಒಣಗಿದ ಎಲೆ ಬಣ್ಣಕ್ಕೆ ಇರುತ್ತದೆ, ಹುಂಜ ಕೆಂಪು ಕಪ್ಪು. ಮೊಟ್ಟೆ ಬಿಳಿಯದಕ್ಕಿಂತ ಕಡಿಮೆ, ಆದರೆ ಕೋಳಿ ಉಳಿಯುತ್ತವೆ.

ಇನ್ನೊಂದು. ಇವು ಹಾರುತ್ತವೆ. ಆರಡಿ ಬೇಲಿ ಲೆಕ್ಕಕ್ಕಿಲ್ಲ. ಸಂಜೆ ಗೂಡಿಗೆ ಬರುವ ಬದಲು ಹಲಸಿನ ಮರ ಹತ್ತಿ ಕೂರುತ್ತವೆ. ಒಂದೇ ಕಡೆಯ ರೆಕ್ಕೆಯ ಉದ್ದ ಗರಿ ಕತ್ತರಿಸಿ, ಎರಡೂ ಕಡೆ ಬೇಡ. ಒಂದು ಕಡೆ ಕತ್ತರಿಸಿದರೆ ಹಾರಲು ಹೋದಾಗ ತೂಕ ತಪ್ಪಿ ಇಳಿಯುತ್ತದೆ. ಗರಿ ಮತ್ತೆ ಬರುತ್ತದೆ, ನೋವಾಗುವುದಿಲ್ಲ. ಹೊಸದಾಗಿ ಮೂಡುತ್ತಿರುವ, ರಕ್ತ ಇರುವ ಗರಿ ಮಾತ್ರ ಮುಟ್ಟಬೇಡಿ.

ಕಾಫಿಗೆ, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯುವ ದಿನ ಕೋಳಿ ಹೊರಗೆ ಬಿಡಲೇಬೇಡಿ. ಮೈಲುತುತ್ತದ ನೀರು ಗುಂಡಿಯಲ್ಲಿ ನಿಂತಿರುತ್ತದೆ, ಕುಡಿದರೆ ಹೋಯಿತು. ನಾವು ಡ್ರಮ್ಮು ತೊಳೆದ ನೀರು ಕೂಡ ಕೋಳಿ ಓಡಾಡುವ ಕಡೆ ಚೆಲ್ಲುವುದಿಲ್ಲ.

ಬೇಲೂರು ಹಿತ್ತಲು
(ಮಂಗಳವಾರ ಮಧ್ಯಾಹ್ನ)

ಬೋರ್ಡೋ ವಿಷಯ ನಾನು ಬರೆಯಬೇಕಿತ್ತು, ಬಿಟ್ಟುಹೋಯಿತು. ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು ಅಣ್ಣ. ಕಂದು ಲೆಗ್‌ಹಾರ್ನ್ ಮೊಟ್ಟೆ ಯಾವತ್ತಾದರೂ ಕೊಡುವಂತಿದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ.

ಚಿಕ್ಕಮಗಳೂರು ಟೌನ್
(ಮಂಗಳವಾರ ರಾತ್ರಿ)

ನನ್ನದೊಂದು ಅನುಮಾನ. ಆನ್‌ಲೈನ್‌ನಲ್ಲಿ ಒಬ್ಬರು ಮಿನೋರ್ಕಾ ಅಂತ ಹೇಳಿ ಆರು ಕಪ್ಪು ಮರಿ ಮಾರಿದರು. ದುಬಾರಿ ಕೊಟ್ಟೆ. ಈಗ ನಾಲ್ಕು ತಿಂಗಳು. ಜುಟ್ಟು ಕಪ್ಪು, ಮುಖ ಕಪ್ಪು, ನಾಲಿಗೆ ಕೂಡ ಕಪ್ಪು. ಇದು ಮಿನೋರ್ಕಾನೇನಾ?

ನಿವೃತ್ತ ಪಶು ಪರೀಕ್ಷಕ
(ಬುಧವಾರ ಬೆಳಗ್ಗೆ)

ಅಲ್ಲ. ಅದು ಕಡಕ್‌ನಾಥ್ ಅಥವಾ ಅದರ ಮಿಶ್ರ ಇರಬೇಕು, ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ. ಅದರಲ್ಲಿ ಚರ್ಮ, ಜುಟ್ಟು, ನಾಲಿಗೆ ಎಲ್ಲ ಕಪ್ಪಿರುತ್ತದೆ. ಮಿನೋರ್ಕಾ ಸ್ಪೇನಿನ ಮೆನೋರ್ಕಾ ದ್ವೀಪದ್ದು. ಗರಿ ಕಪ್ಪು, ಹಸಿರು ಮಿಂಚು. ಆದರೆ ಜುಟ್ಟು, ಮುಖ ಕಡು ಕೆಂಪು, ಚರ್ಮ ಬಿಳಿ, ಕಾಲು ಬೂದುಗಪ್ಪು. ಬಿಳಿ ಕಿವಿ ಬಾದಾಮಿ ಆಕಾರಕ್ಕೆ ದೊಡ್ಡದಾಗಿ ಇಳಿದಿರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಈ ಗುಂಪಿನಲ್ಲೇ ಅದು ಎಲ್ಲಕ್ಕಿಂತ ದೊಡ್ಡ ಮೈಯದು, ಮೊಟ್ಟೆಯೂ ದೊಡ್ಡದು. ಆಂಕೋನಾ ಆದರೆ ಕಪ್ಪು ಗರಿಯ ತುದಿಗೆ ಬಿಳಿ ಚುಕ್ಕೆ. ನೀಲಿ ಆಂಡಲೂಷಿಯನ್ ಬೂದು ನೀಲಿ. ಅದರಲ್ಲಿ ಒಂದು ವಿಚಿತ್ರ ಇದೆ. ನೀಲಿಗೆ ನೀಲಿ ಕೂಡಿಸಿದರೆ ಎಲ್ಲ ನೀಲಿ ಬರುವುದಿಲ್ಲ, ನಾಲ್ಕರಲ್ಲಿ ಒಂದು ಕಪ್ಪು, ಎರಡು ನೀಲಿ, ಒಂದು ಕೊಳೆ ಬಿಳಿ. ಎಲ್ಲ ಮರಿಯೂ ನೀಲಿಯೇ ಬರುತ್ತದೆ ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಕಡಕ್‌ನಾಥ್ ಕೆಟ್ಟ ಕೋಳಿಯಲ್ಲ, ಚೆನ್ನಾಗಿ ಸಾಕಿ. ಮೊಟ್ಟೆಯ ಲೆಕ್ಕ ಮಾತ್ರ ನಾಟಿಯದ್ದೇ ಇಟ್ಟುಕೊಳ್ಳಿ.

ಚಿಕ್ಕಮಗಳೂರು ಟೌನ್
(ಬುಧವಾರ ಬೆಳಗ್ಗೆ)

ಧನ್ಯವಾದ ಸಾರ್. ಬೇಜಾರಾಯಿತು, ಆದರೆ ಗೊತ್ತಾಯಿತಲ್ಲ. ಮಕ್ಕಳು ಈಗಾಗಲೇ ಹೆಸರಿಟ್ಟಿದ್ದಾರೆ, ಇವು ಇಲ್ಲೇ ಇರುತ್ತವೆ.

ಚನ್ನರಾಯಪಟ್ಟಣ ಕೆರೆ ಏರಿ
(ಬುಧವಾರ ಸಂಜೆ)

ನನ್ನ ಪ್ರಶ್ನೆಯನ್ನೂ ಕೇಳಿಬಿಡುತ್ತೇನೆ. ಲೆಗ್‌ಹಾರ್ನ್ ಹ್ಯಾಟೆಗಳ ಜೊತೆ ನಮ್ಮ ನಾಟಿ ಹುಂಜ ಒಂದೇ ಇರುವುದು, ಕರಿ ಹುಂಜ. ಮರಿ ಬಣ್ಣಬಣ್ಣದ್ದು ಬರುತ್ತವೆ ಅಂದುಕೊಂಡಿದ್ದೆ. ಒಂಬತ್ತಕ್ಕೆ ಒಂಬತ್ತೂ ಬಿಳಿ, ಅಲ್ಲಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಯಾಕೆ ಹೀಗೆ? ಬೇರೆ ಹುಂಜ ಬಂದು ಸೇರಿದೆಯಾ?

ನಿವೃತ್ತ ಪಶು ಪರೀಕ್ಷಕ
(ಬುಧವಾರ ರಾತ್ರಿ)

ನಿಮ್ಮ ಕರಿ ಹುಂಜದ್ದೇ ಮರಿಗಳು. ಬಿಳಿ ಲೆಗ್‌ಹಾರ್ನ್‌ನಲ್ಲಿರುವ ಬಿಳಿ ಬಲವಾದದ್ದು. ತಾಯಿಯಿಂದ ಒಂದು ಪಾಲು ಬಂದರೂ ಸಾಕು, ಕಪ್ಪನ್ನು ತಡೆದುಬಿಡುತ್ತದೆ. ಆದರೆ ಒಂದೇ ಪಾಲು ಇರುವುದರಿಂದ ತಡೆ ಪೂರ್ತಿ ಆಗುವುದಿಲ್ಲ, ಅಲ್ಲಲ್ಲಿ ಕಪ್ಪು ಸೋರುತ್ತದೆ. ಆ ಚುಕ್ಕೆಗಳೇ ನಿಮ್ಮ ಹುಂಜದ ಗುರುತು. ಕೆಂಪನ್ನು ಈ ಬಿಳಿ ಅಷ್ಟು ತಡೆಯುವುದಿಲ್ಲ. ಹುಂಜ ಕೆಂಪಾಗಿದ್ದರೆ ಕೆಲವು ಮರಿಗಳ ಎದೆ, ಬೆನ್ನು ಕೆಂಚಗಾಗುತ್ತಿತ್ತು. ಈ ಮಿಶ್ರ ಹ್ಯಾಟೆಗಳನ್ನು ಮತ್ತೆ ನಾಟಿ ಹುಂಜಕ್ಕೆ ಬಿಟ್ಟರೆ ಮುಂದಿನ ಸಲ ಅರ್ಧದಷ್ಟು ಬಣ್ಣದ ಮರಿ ಬರುತ್ತವೆ.

ಬೇಲೂರು ಹಿತ್ತಲು
(ಗುರುವಾರ ಬೆಳಗ್ಗೆ)

ಮಿಶ್ರ ಹ್ಯಾಟೆಗಳ ಬಗ್ಗೆ ನಾನು ಕಂಡದ್ದು ಹೇಳುತ್ತೇನೆ. ನನ್ನಲ್ಲೂ ನಾಲ್ಕು ಇವೆ. ಮೊಟ್ಟೆ ನಾಟಿಗಿಂತ ಎಷ್ಟೋ ಜಾಸ್ತಿ. ಹೆದರಿಕೆ ಕಡಿಮೆ. ಅದರಲ್ಲಿ ಒಂದು ಹೋದ ಜನವರಿಯಲ್ಲಿ ಕಾವಿಗೆ ಕೂತಿತು. ಬುಟ್ಟಿಗೆ ಕೈ ಹಾಕಿದರೆ ಗರಿ ಉಬ್ಬಿಸಿ ಕುಟುಕಲು ಬಂತು. ಲೆಗ್‌ಹಾರ್ನ್ ಮೈಬಣ್ಣದ ಕೋಳಿ ಹಾಗೆ ಕೂತದ್ದನ್ನು ನೋಡಿ ನಮ್ಮ ಅತ್ತೆ ಎರಡು ಸಲ ಎದ್ದು ಬಂದು ನೋಡಿದರು. ಕಾವಿನ ಗುಣ ನಾಟಿ ಅಪ್ಪನ ಕಡೆಯಿಂದ ವಾಪಸ್ ಬಂದಿದೆ. ಉಳಿದ ಮೂರು ಕೂರಲಿಲ್ಲ.

ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಯಿತು ಅಂತ ಕೆಲವರು ನನಗೆ ಬೇರೆಯಾಗಿ ಕೇಳಿದ್ದಾರೆ. ಚಳಿಯಿಂದ ಅಲ್ಲ, ಬೆಳಕಿನಿಂದ. ಚೆನ್ನಾಗಿ ಇಡಬೇಕಾದರೆ ಇವಕ್ಕೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಬೆಳಗಿನ ಜಾವ ನಾಲ್ಕಕ್ಕೆ ಗೂಡಿನಲ್ಲಿ ಸಣ್ಣ ಬಲ್ಬ್ ಹಾಕಬಹುದು. ಸಂಜೆ ಹಾಕಬೇಡಿ, ತಟ್ಟನೆ ಆರಿಸಿದರೆ ಕತ್ತಲಲ್ಲಿ ಅಡ್ಡಗೋಲು ಸಿಗದೆ ಪರದಾಡುತ್ತವೆ. ನಾನಂತೂ ಬಲ್ಬ್ ಹಾಕುವುದಿಲ್ಲ. ಎರಡು ತಿಂಗಳು ಇಡದೆ ಇದ್ದರೆ ಇರಲಿ, ಮೈ ಸುಧಾರಿಸಿಕೊಳ್ಳುತ್ತವೆ. ಇದು ನನ್ನ ಮನಸ್ಸಿನ ಮಾತು. ಮಾರುವವರು ಹಾಕಿದರೆ ತಪ್ಪು ಅನ್ನುವುದಿಲ್ಲ.

ಮೂಡಿಗೆರೆ ಮಳೆ
(ಗುರುವಾರ ಮಧ್ಯಾಹ್ನ)

ಅಕ್ಕಾ, ನನ್ನ ಹತ್ತಿರ ಒಂದು ನಾಟಿ ಹ್ಯಾಟೆ ನಿನ್ನೆಯಿಂದ ಕಾವಿಗೆ ಕೂತಿದೆ. ನಿಮ್ಮ ಹುಂಜ ಇರುವ ಗುಂಪಿನ ಮೊಟ್ಟೆ ಹನ್ನೆರಡು ಕೊಡುತ್ತೀರಾ? ಈಗ ನವೆಂಬರ್, ಸಾರ್ ಹೇಳಿದ ಕಾಲವೇ. ಶನಿವಾರ ಬೇಲೂರಿಗೆ ಬರುವ ಕೆಲಸ ಇದೆ.

ಬೇಲೂರು ಹಿತ್ತಲು
(ಗುರುವಾರ ಸಂಜೆ)

ಬಾ, ಕೊಡುತ್ತೇನೆ, ದುಡ್ಡು ಬೇಡ. ಬರುವಾಗ ಒಂದು ಡಬ್ಬಿ ತುಂಬ ರಾಗಿ ತಗೊಂಡು ಬಾ. ರಾಗಿಯಲ್ಲಿ ಹೂತಿಟ್ಟರೆ ಬಸ್ಸಿನ ಕುಲುಕಾಟ ತಾಗುವುದಿಲ್ಲ. ಮನೆಗೆ ಹೋದ ಮೇಲೆ ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ಸುಮ್ಮನೆ ಇಡು. ಮರುದಿನ ಸಂಜೆ ಕತ್ತಲಾದ ಮೇಲೆ ಹ್ಯಾಟೆ ಕೆಳಗೆ ಸರಿಸು. ಅಲ್ಲಿಯವರೆಗೆ ಅದು ಎದ್ದು ಹೋಗದ ಹಾಗೆ ಅದರ ಹಳೆ ಮೊಟ್ಟೆ ಎರಡು ಅಲ್ಲೇ ಇರಲಿ. ಏಳನೇ ದಿನ ಟಾರ್ಚ್ ಬಿಟ್ಟು ನೋಡು. ಒಳಗೆ ಜೇಡನ ಬಲೆಯ ಹಾಗೆ ನರ ಕಂಡರೆ ಜೀವ ಇದೆ. ಏನೂ ಕಾಣದೆ ಹಳದಿ ಬೆಳಕೇ ಬಂದರೆ ತೆಗೆದುಬಿಡು.

ಮೂಡಿಗೆರೆ ಮಳೆ
(ಮೂರೂವರೆ ವಾರದ ನಂತರ, ಸೋಮವಾರ)

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಹನ್ನೆರಡರಲ್ಲಿ ಏಳನೇ ದಿನ ಎರಡು ತೆಗೆದೆ. ಒಂದು ಒಳಗೇ ಸತ್ತಿತ್ತು. ಒಂಬತ್ತು ಒಡೆದವು. ಎಲ್ಲ ಹಳದಿ ಪಿಳ್ಳೆ. ಹ್ಯಾಟೆ ಮಾತ್ರ ಕರಿ, ಅದರ ರೆಕ್ಕೆ ಕೆಳಗಿನಿಂದ ಒಂಬತ್ತು ಹಳದಿ ತಲೆ ಇಣುಕುತ್ತವೆ. ಗೂಡಿನ ನೆಲ ಎತ್ತರ ಮಾಡಿಸಿದ್ದೇನೆ, ಪಡುವಣ ಕಡೆ ಹಳೆ ತಗಡು ಹೊಡೆದೆ. ಭತ್ತದ ಹೊಟ್ಟು ಹಾಸಿದ್ದೇನೆ. ಪಕ್ಕದ ಮೂರು ಮನೆಯವರನ್ನು ಸೇರಿಸಿಕೊಂಡು ನಾಡಿದ್ದು ಲಸಿಕೆ ಹಾಕಿಸುತ್ತಿದ್ದೇವೆ.

ಸಾರ್, ಇಲ್ಲಿ ರಾತ್ರಿ ಚಳಿ ಜಾಸ್ತಿ. ತಾಯಿ ಕೋಳಿ ಇರುವಾಗಲೂ ಬಲ್ಬ್ ಬೇಕಾ?

ನಿವೃತ್ತ ಪಶು ಪರೀಕ್ಷಕ
(ಸೋಮವಾರ ರಾತ್ರಿ)

ಬೇಡ. ತಾಯಿ ಇಲ್ಲದಿದ್ದರೆ ಮೊದಲ ವಾರ 35 ಡಿಗ್ರಿ ಶಾಖ ಕೊಟ್ಟು, ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬರಬೇಕಿತ್ತು. ನಿಮ್ಮ ಕರಿ ಹ್ಯಾಟೆಯ ರೆಕ್ಕೆ ಕೆಳಗೆ ಅಷ್ಟೂ ಇದೆ. ಗಾಳಿ ನೇರ ಬೀಸದ ಹಾಗೆ ಒಂದು ಗೋಣಿಚೀಲ ಇಳಿಬಿಡಿ, ಸಾಕು.